ವೈಸ್‌ರಾಯ್ ಮಹಲಿನ ಊಟದ ಹಜಾರ

ಬೆಳ್ಳಾವಿ, ಗುಬ್ಬಿ ಕಡೆಯಿಂದ ಕುಣಿಗಲ್, ಹುಲಿಯೂರುದುರ್ಗ, ಮದ್ದೂರು ದಾಟಿ ಮೈಸೂರಿಗೆ ಹೋಗುವವರು ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ಮುಗಿಸಿಕೊಂಡು ಊರಿಗೆ ಹೊರಟುಬಿಡುತ್ತಾರೆ. ಬೆಟ್ಟದಿಂದ ಬೆಳ್ಳಗೆ ಕಾಣುವ ಲಲಿತ ಮಹಲ್ ದೊಡ್ಡವರ ಜಾಗವೆಂದು ಉಳಿದುಹೋಗುತ್ತದೆ. ಕಟ್ಟಡಗಳ ಮೇಲೆ ಪ್ರೀತಿಯಿರುವವರು ಹಾಗೆ ಬಿಡಬಾರದು.

ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿದ್ದು ತಮ್ಮ ವಾಸಕ್ಕಲ್ಲ, ವೈಸ್‌ರಾಯ್ ಬಂದಾಗ ತಂಗಲೆಂದು. ನಕ್ಷೆ ಮುಂಬಯಿಯ ವಾಸ್ತುಶಿಲ್ಪಿ ಇ.ಡಬ್ಲ್ಯು. ಫ್ರಿಚ್‌ಲಿಯದು. ಕಟ್ಟಿಸುವ ಹೊಣೆ ಹೊತ್ತವರು ಬಿ. ಮುನಿವೆಂಕಟಪ್ಪ. ಆಗಿನ ಕಾಲಕ್ಕೆ 13 ಲಕ್ಷ ರೂಪಾಯಿ ಖರ್ಚಾಯಿತಂತೆ.

ಊರೊಳಗಿನ ದೊಡ್ಡ ಅರಮನೆಯಲ್ಲಿ ಹಿಂದೂ, ಇಸ್ಲಾಮಿ, ಯುರೋಪಿನ ಶೈಲಿಗಳು ಬೆರೆತು ಕಣ್ಣು ತುಂಬುವಷ್ಟು ಕೆತ್ತನೆಯಿದೆ. ಲಲಿತ ಮಹಲಿನ ಸೊಗಸು ಅಳತೆಯಲ್ಲಿದೆ. ಎರಡಂತಸ್ತಿನ ಉದ್ದಕ್ಕೂ ಜೋಡಿ ಜೋಡಿಯಾಗಿ ನಿಂತ ಅಯೋನಿಕ್ ಕಂಬಗಳು, ಅವುಗಳ ನೆತ್ತಿಯಲ್ಲಿ ಸುರುಳಿ. ಮುಂದಕ್ಕೆ ಚಾಚಿದ ಪೋರ್ಟಿಕೊ. ನಡುವೆ ಎದ್ದ ಗುಮ್ಮಟ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ನೆನಪಿಸುತ್ತದೆ.

ಒಳಗೆ ಇಟಲಿಯ ಅಮೃತಶಿಲೆಯ ಮೆಟ್ಟಿಲು ಚೆಂದವೇ. ಆದರೆ ಹೆಚ್ಚು ಹೊತ್ತು ನಿಲ್ಲಿಸುವುದು ಊಟದ ಹಜಾರ. ಅರಸರ ಕಾಲದಲ್ಲಿ ಔತಣ, ನೃತ್ಯಕೂಟಗಳು ನಡೆದ ಕಡೆ ಈಗ ಬಿಳಿ ಬಟ್ಟೆ ಹಾಸಿದ ಮೇಜುಗಳು. ತಲೆಯೆತ್ತಿದರೆ ಬಹಳ ಎತ್ತರದಲ್ಲಿ ಬೆಲ್ಜಿಯಂ ಗಾಜಿನ ಗುಮ್ಮಟಗಳು, ಗೋಡೆ ಗೋಡೆಗೂ ಗಾರೆಯ ಹೂಬಳ್ಳಿ. ನಮ್ಮ ತೊಟ್ಟಿಮನೆಯಂತೆ ಇಲ್ಲಿಯೂ ಬೆಳಕು ಬರುವುದು ಮೇಲಿನಿಂದ. ಹಗಲೂಟಕ್ಕೆ ಹೋಗಬೇಕಾದದ್ದು ಅದಕ್ಕೇ.

ಇದು ಹೋಟೆಲಾದದ್ದು 1974ರಲ್ಲಿ. ಕೇಂದ್ರ ಸರ್ಕಾರದ ಐಟಿಡಿಸಿ ದಶಕಗಳ ಕಾಲ ನಡೆಸಿ, ಬಳಿಕ ರಾಜ್ಯ ಸರ್ಕಾರಕ್ಕೆ ಒಪ್ಪಿಸಿತು. ಅನೇಕ ಅರಮನೆಗಳು ಹೋಟೆಲಾದಾಗ ತಮ್ಮತನ ಕಳೆದುಕೊಂಡಿವೆ. ಲಲಿತ ಮಹಲಿಗೆ ಹಾಗಾಗಲಿಲ್ಲ. ಅದನ್ನು ಕಟ್ಟಿಸಿದ್ದೇ ಅತಿಥಿಗಳಿಗಾಗಿ, ಬದಲಾದದ್ದು ಅತಿಥಿ ಯಾರೆಂಬುದು ಮಾತ್ರ. ವೈಸ್‌ರಾಯ್ ಕೂರುತ್ತಿದ್ದ ಮನೆಯಲ್ಲಿ ಇವತ್ತು ದುಡ್ಡು ಕೊಟ್ಟ ಯಾರಾದರೂ ಕೂತು ಉಣ್ಣಬಹುದು.

ತುಮಕೂರು ಸೀಮೆಯಲ್ಲಿ ಹಳೆಯ ಕಂಬದ ಮನೆ ಉಳಿಸಿಕೊಂಡಿರುವವರು ಅದನ್ನು ಕೆಡವಿ ಆರ್‌ಸಿಸಿ ಕಟ್ಟುವ ಮುನ್ನ, ಸಮಯ ವಿಚಾರಿಸಿಕೊಂಡು, ಈ ಹಜಾರದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಬರಲಿ.