ಪನ್ವೇಲ್‌ನಲ್ಲಿ ನಡೆಯುವ ಚಿತ್ರ ಮಾನಸರೋವರದಲ್ಲಿ ನಡೆಯುವುದಿಲ್ಲ

ನವಿ ಮುಂಬೈಯ ಕಾಮೋಠೆಯವರಿಗೆ ಮಾನಸರೋವರ ಎಂದರೆ ಹಾರ್ಬರ್ ಲೈನಿನ ಸ್ಟೇಷನ್. ಅಲ್ಲಿ ಲೋಕಲ್ ಹತ್ತಿದರೆ ಮುಂದಿನದು ಖಾಂದೇಶ್ವರ, ಅದರಾಚೆ ಪನ್ವೇಲ್. ಕರಾವಳಿಯವರು ಊರಿಗೆ ಹೋಗುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತುವುದು ಪನ್ವೇಲ್‌ನಲ್ಲಿ. ಹೀಗೆ ಹೊರಟವರ ಮೊಬೈಲಿನಲ್ಲಿ ಎರಡು ಟಿಕೆಟುಗಳ ಸ್ಕ್ರೀನ್‌ಶಾಟ್ ಇದೆ ಎಂದುಕೊಳ್ಳಿ. ಲೋಕಲ್ ಟಿಕೆಟಿನ ಚಿತ್ರ ತೋರಿಸಿದರೆ ಟಿಸಿ ಒಪ್ಪುವುದಿಲ್ಲ, ದಂಡ ಬೀಳುತ್ತದೆ. ಮತ್ಸ್ಯಗಂಧದಲ್ಲಿ ಇ-ಟಿಕೆಟಿನ ಚಿತ್ರದ ಜೊತೆ ಅಸಲಿ ಗುರುತಿನ ಚೀಟಿ ತೋರಿಸಿದರೆ ಸಾಕು, ಪ್ರಯಾಣ ಸಲೀಸು. ರೈಲ್ವೆಯೂ ಒಂದೇ, ಫೋನೂ ಒಂದೇ. ಹಾಗಿದ್ದರೆ ಈ ವ್ಯತ್ಯಾಸ ಏಕೆ?

ಕಾಯ್ದಿರಿಸಿದ ಟಿಕೆಟಿಗೆ ಹೆಸರಿದೆ, ಪಿಎನ್‌ಆರ್ ಇದೆ, ಟಿಟಿಇ ಕೈಯಲ್ಲಿ ಚಾರ್ಟ್ ಇದೆ. ಅವರು ನಂಬುವುದು ಆ ಪಟ್ಟಿಯನ್ನು; ನಿಮ್ಮ ಚಿತ್ರ ಪಟ್ಟಿಯಲ್ಲಿ ಎಲ್ಲಿ ನೋಡಬೇಕೆಂದು ಹೇಳುತ್ತದೆ, ಅಷ್ಟೆ. ಲೋಕಲ್‌ಗೆ ಚಾರ್ಟೂ ಇಲ್ಲ, ಸೀಟಿನ ನಂಬರೂ ಇಲ್ಲ. ಟಿಕೆಟಿನ ಚಿತ್ರ ಹತ್ತು ಫೋನುಗಳಿಗೆ ಹೋದರೆ ಹತ್ತು ಜನ ಗಾಡಿ ಹತ್ತಬಹುದು. ಅದಕ್ಕೇ 2025ರ ಜುಲೈ 1ರಂದು ಬಂದ ರೈಲ್ವೆಯ ರೈಲ್‌ವನ್ ಆಪಿನಲ್ಲಿ ತೆಗೆದ ಟಿಕೆಟನ್ನು ಆಪ್ ತೆರೆದೇ ತೋರಿಸಬೇಕು; ಮೊದಲಿದ್ದ ಯುಟಿಎಸ್ ಆಪಿನಲ್ಲೂ ಹೀಗೇ ಇತ್ತು. ಗಾಡಿಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಗತಿಯೇನು ಎಂಬ ಭಯಕ್ಕೆ ಅನೇಕರು ಚಿತ್ರ ತೆಗೆಯಲು ಹೋಗುತ್ತಾರೆ. ಯುಟಿಎಸ್‌ನಲ್ಲಿ ಒಮ್ಮೆ ತೆಗೆದ ಟಿಕೆಟು ಇಂಟರ್‌ನೆಟ್ ಇಲ್ಲದಿದ್ದರೂ ಆಪಿನೊಳಗೆ ಕಾಣುತ್ತಿತ್ತು. ಬ್ಯಾಟರಿ ಉಳಿಸಿಕೊಂಡರೆ ಸಾಕಿತ್ತು.

ಮತ್ಸ್ಯಗಂಧದ ಚಿತ್ರಕ್ಕೂ ಒಂದು ಮಿತಿ ಇದೆ. ಬುಕ್ ಮಾಡಿದ ಹೊತ್ತಿನಲ್ಲಿ ವೇಟಿಂಗ್ ಲಿಸ್ಟ್ ಎಂದಿದ್ದ ಇ-ಟಿಕೆಟು ಚಾರ್ಟ್ ತಯಾರಾದ ಮೇಲೂ ಪೂರ್ತಿ ವೇಟಿಂಗ್‌ನಲ್ಲೇ ಉಳಿದರೆ ತಾನಾಗಿ ರದ್ದಾಗುತ್ತದೆ. ಗ್ಯಾಲರಿಯಲ್ಲಿರುವ ಚಿತ್ರಕ್ಕೆ ಅದು ಗೊತ್ತಾಗುವುದಿಲ್ಲ. ಅದನ್ನೇ ನಂಬಿ ಹತ್ತಿದವರು ಟಿಕೆಟಿಲ್ಲದ ಪ್ರಯಾಣಿಕರ ಲೆಕ್ಕಕ್ಕೆ ಬರುತ್ತಾರೆ. ಗಣೇಶ ಚೌತಿಗೋ ಮೇ ರಜೆಗೋ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊರಡುವವರು ಮನೆ ಬಿಡುವ ಮುಂಚೆ ಪಿಎನ್‌ಆರ್ ಹಾಕಿ ಮತ್ತೊಮ್ಮೆ ನೋಡಲೇಬೇಕು.

ಅಂಗಡಿಯ ಲೆಕ್ಕವೂ ಇದೇ. ಯುಪಿಐ 2016ರಲ್ಲಿ ಬಂತು. ಈಗ ತರಕಾರಿ ಗಾಡಿಯಲ್ಲೂ ಕ್ಯೂಆರ್ ಇದೆ. ಹಣ ಹೋಯಿತು ಎಂದು ಹಸಿರು ಗುರುತಿನ ಚಿತ್ರ ತೋರಿಸಿ ಸಾಮಾನು ಒಯ್ಯುವ ವಂಚನೆ ದೇಶದುದ್ದಕ್ಕೂ ನಡೆದಿದೆ. ಅಂಥ ಪರದೆಯನ್ನು ಹುಟ್ಟಿಸಲೆಂದೇ ನಕಲಿ ಆಪ್‌ಗಳಿವೆ. ಗಿರಾಕಿಯ ಫೋನಿನಲ್ಲಿ ಏನು ಕಾಣುತ್ತದೆ ಎಂಬುದು ಮುಖ್ಯವಲ್ಲ. ನಿಮ್ಮ ಖಾತೆಗೆ ಹಣ ಬಂತೇ, ಸೌಂಡ್‌ಬಾಕ್ಸ್ ಹೇಳಿತೇ, ಅದನ್ನು ನೋಡಿ. ದುಡಿದು ಹೊಟ್ಟೆ ಹೊರೆಯುವವರ ಒಂದು ದಿನದ ಲಾಭ ಇಂಥ ಒಂದೇ ಚಿತ್ರದಲ್ಲಿ ಹೋಗಿಬಿಡಬಹುದು. ಹಣ ನಿಜವಾಗಿ ಕಟ್ಟಿಯೂ ತಕರಾರು ಬಂದರೆ ಕೆಲಸಕ್ಕೆ ಬರುವುದು 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ. ಸ್ಕ್ರೀನ್‌ಶಾಟ್ ತೆಗೆಯುವುದಾದರೆ ಆ ಸಂಖ್ಯೆ ಕಾಣುವ ಪುಟದ್ದನ್ನೇ ತೆಗೆಯಿರಿ.

ಬೆದರಿಕೆ ಮೆಸೇಜು, ವಂಚನೆಯ ಮಾತುಕತೆ ಬಂದಾಗ ಚಿತ್ರ ತೆಗೆದಿಡುವುದು ಒಳ್ಳೆಯದೇ. ಆದರೆ ಚಿತ್ರ ತೆಗೆದೆನಲ್ಲ ಎಂದು ಚಾಟ್ ಅಳಿಸಬೇಡಿ. ಜಾಲ್ನಾದ ವಿಧಾನಸಭಾ ಚುನಾವಣೆಯಿಂದ ಹುಟ್ಟಿದ ಅರ್ಜುನ್ ಪಂಡಿತ್‌ರಾವ್ ಖೋಟ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜುಲೈನಲ್ಲಿ ಇದನ್ನು ಬಿಡಿಸಿ ಹೇಳಿತು: ಮೂಲ ಸಾಧನವನ್ನೇ ಅದರ ಒಡೆಯರು ಹಾಜರುಪಡಿಸಿ ಸಾಕ್ಷಿ ನುಡಿದರೆ ಅದು ಮೂಲ ದಾಖಲೆ, ಪ್ರತಿಯನ್ನು ಒಪ್ಪಿಸುವುದಾದರೆ ಪ್ರಮಾಣಪತ್ರ ಕಡ್ಡಾಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಚೂರು ಬದಲಾದರೂ ಬದಲಾಗುವ ಗುರುತು) ನಮೂದಿಸಬೇಕು. ಹಾಗಾಗಿ ಕ್ರಾಪ್ ಮಾಡದೆ, ಗೆರೆ ಎಳೆಯದೆ, ನಂಬರೂ ತಾರೀಕೂ ಕಾಣುವಂತೆ ಇಡೀ ಪರದೆಯನ್ನು ತೆಗೆದಿಡಿ. ಹಣ ಕಳೆದುಕೊಂಡಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಚಿತ್ರ ಜೋಡಿಸುವ ಕೆಲಸ ಆಮೇಲೆ.

ಸ್ಕ್ರೀನ್‌ಶಾಟ್ ತೆಗೆಯುವುದು ಸುಲಭ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಮತ್ತು ವಾಲ್ಯೂಮ್ ಇಳಿಸುವ ಗುಂಡಿ, ಹೊಸ ಐಫೋನುಗಳಲ್ಲಿ ಪಕ್ಕದ ಗುಂಡಿ ಮತ್ತು ವಾಲ್ಯೂಮ್ ಏರಿಸುವ ಗುಂಡಿ. ತೆಗೆದದ್ದನ್ನು ಅಳಿಸಲು ಮರೆಯುವುದೇ ತೊಂದರೆ. ಆಧಾರ್, ಪಾಸ್‌ವರ್ಡ್, ಬ್ಯಾಂಕಿನ ಪುಟ ಎಲ್ಲವೂ ಹಬ್ಬದ ಫೋಟೊಗಳ ನಡುವೆ ಸೇರಿಕೊಂಡಿರುತ್ತವೆ. ಕ್ಯಾಸ್ಪರ್‌ಸ್ಕಿ ಸಂಸ್ಥೆ 2025ರ ಫೆಬ್ರುವರಿಯಲ್ಲಿ ಬಯಲಿಗೆಳೆದ ಸ್ಪಾರ್ಕ್‌ಕ್ಯಾಟ್ ಎಂಬ ಕುತಂತ್ರಾಂಶ ಗ್ಯಾಲರಿಯ ಚಿತ್ರಗಳಲ್ಲಿರುವ ಅಕ್ಷರಗಳನ್ನೇ ಓದಿ ಕ್ರಿಪ್ಟೊ ಖಾತೆಗಳ ರಹಸ್ಯ ಪದಗಳನ್ನು ಕದಿಯುತ್ತಿತ್ತು. ಗೂಗಲ್ ಪ್ಲೇ, ಆಪ್ ಸ್ಟೋರ್ ಎರಡರಲ್ಲೂ ಅದು ಸಿಕ್ಕಿತ್ತು. ಆದ್ದರಿಂದ ಟಾರ್ಚ್, ಆಟ, ಕೀಬೋರ್ಡಿನಂಥ ಆಪ್‌ಗಳು ಇಡೀ ಗ್ಯಾಲರಿಯ ಅನುಮತಿ ಕೇಳಿದರೆ ಕೊಡಬೇಡಿ.

ಸ್ಕ್ರೀನ್‌ಶಾಟ್ ಫೋಲ್ಡರನ್ನು ಗೂಗಲ್ ಫೋಟೋಸ್‌ನ ಬ್ಯಾಕಪ್ಪಿನಿಂದ ಬೇರೆ ಇಡಬಹುದು. ಬ್ಯಾಕಪ್ಪಿನಲ್ಲಿದ್ದ ಚಿತ್ರವನ್ನು ಅಳಿಸಿದರೂ ಅದು 60 ದಿನ ಕಸದ ಬುಟ್ಟಿಯಲ್ಲೇ ಇರುತ್ತದೆ. ಪಾಸ್‌ವರ್ಡಿನ ಚಿತ್ರವಾದರೆ ಅಲ್ಲಿಂದಲೂ ತೆಗೆಯಿರಿ. ಅದನ್ನು ಮನೆಯವರ ವಾಟ್ಸ್‌ಆಪ್ ಗುಂಪಿಗೆ ಕಳಿಸಿದ್ದರೆ ಪಾಸ್‌ವರ್ಡನ್ನೇ ಬದಲಾಯಿಸಿ.