ಒಂದು ಫ್ಯಾರಡ್ ಎಷ್ಟು ದೊಡ್ಡದು? ಸೂಪರ್‌ಕೆಪಾಸಿಟರ್ ಪಾಠಕ್ಕೊಂದು ದಾರಿ

ದ್ವಿತೀಯ ಪಿಯು ಭೌತಶಾಸ್ತ್ರದಲ್ಲಿ ಧಾರಕದ ಪಾಠ ಮಾಡುವಾಗ ‘ಫ್ಯಾರಡ್ ಬಹಳ ದೊಡ್ಡ ಏಕಮಾನ’ ಎಂದು ಹೇಳಿ ಮುಂದೆ ಹೋಗುವುದು ರೂಢಿ. ಪ್ರಶಿಕ್ಷಣಾರ್ಥಿಗಳು ಅಲ್ಲಿಯೇ ಸ್ವಲ್ಪ ನಿಲ್ಲಬೇಕು. ಫಲಕಗಳ ನಡುವೆ 1 ಮಿಲಿಮೀಟರ್ ಗಾಳಿಯಿದ್ದರೆ, 1 ಫ್ಯಾರಡ್ ಧಾರಕತೆಗೆ ಬೇಕಾಗುವ ಫಲಕದ ವಿಸ್ತೀರ್ಣ ಸುಮಾರು 113 ಚದರ ಕಿಲೋಮೀಟರ್. ತಾಲ್ಲೂಕಿನ ನಕ್ಷೆಯಲ್ಲಿ ಮಧುರೆಯನ್ನು ನಡುವಿಟ್ಟು, ಬದಿಗೆ 10.6 ಕಿಲೋಮೀಟರಿನ ಚೌಕವನ್ನು ಮಕ್ಕಳಿಂದಲೇ ಬರೆಸಿ. ಅನಂತರ ಬೆರಳ ತುದಿಯಷ್ಟಿರುವ 1 ಫ್ಯಾರಡ್ ಸೂಪರ್‌ಕೆಪಾಸಿಟರನ್ನು ಅವರ ಕೈಗೆ ಕೊಡಿ. ‘ಇದು ಹೇಗೆ ಸಾಧ್ಯ?’ ಎಂಬ ಪ್ರಶ್ನೆ ತರಗತಿಯಿಂದಲೇ ಬರಲಿ.

ಉತ್ತರ ಪಠ್ಯದ ಸೂತ್ರದಲ್ಲೇ ಇದೆ. ಧಾರಕತೆ ವಿಸ್ತೀರ್ಣಕ್ಕೆ ನೇರ ಅನುಪಾತದಲ್ಲಿಯೂ ಅಂತರಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ಒಂದು ಗ್ರಾಂ ಸಕ್ರಿಯ ಇದ್ದಿಲಿನ ರಂಧ್ರಗಳ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರ್, ಅಂದರೆ ಹತ್ತು ಗುಂಟೆಯಷ್ಟಾಗುತ್ತದೆ. (ನಮ್ಮ ಕಡೆಯ ಮಕ್ಕಳಿಗೆ ಚದರ ಮೀಟರಿಗಿಂತ ಗುಂಟೆಯ ಲೆಕ್ಕವೇ ಬೇಗ ಹಿಡಿಸುತ್ತದೆ.) ದ್ರಾವಣದ ಅಯಾನುಗಳು ಆ ಮೈಗೆ ಒತ್ತಿಕೊಂಡು ನಿಲ್ಲುವುದರಿಂದ ಅಂತರ ಒಂದು ನ್ಯಾನೊಮೀಟರಿನ ಆಸುಪಾಸಿಗೆ ಇಳಿಯುತ್ತದೆ. 2008ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಗ್ರಾಫೀನ್ ವಿದ್ಯುದ್ವಾರದಿಂದ, ಸಲ್ಫ್ಯೂರಿಕ್ ಆಮ್ಲದ ದ್ರಾವಣದಲ್ಲಿ, ಗ್ರಾಂಗೆ 117 ಫ್ಯಾರಡ್‌ವರೆಗೆ ಪಡೆದುದನ್ನು ಪ್ರಕಟಿಸಿದರು.

ಆದರೆ ಕಾರ್ಬನ್ನಿನಲ್ಲಿ ಆವೇಶ ನಿಲ್ಲುವುದು ಮೈಮೇಲೆ ಮಾತ್ರ. ಮ್ಯಾಂಗನೀಸ್ ಡೈಆಕ್ಸೈಡ್ ತನ್ನ ಮೇಲ್ಪದರದಲ್ಲಿ ನಡೆಯುವ ಉತ್ಕರ್ಷಣ-ಅಪಕರ್ಷಣ ಕ್ರಿಯೆಯಿಂದ ಇನ್ನೂ ಹೆಚ್ಚು ಆವೇಶ ಹಿಡಿಯಬಲ್ಲದು. ಅದರ ಕೊರತೆಯೆಂದರೆ ಅದು ಉತ್ತಮ ವಾಹಕವಲ್ಲ. ಪಾಲಿಅನಿಲೀನ್ ವಾಹಕವೇ ಹೌದು, ಆದರೆ ಆವೇಶ ತುಂಬಿ ಖಾಲಿಯಾಗುವಾಗಲೆಲ್ಲ ಉಬ್ಬಿ ಕುಗ್ಗಿ ಬಿರುಕು ಬಿಡುತ್ತದೆ. ಇಂಥವನ್ನು ನ್ಯಾನೊ ಗಾತ್ರದಲ್ಲಿ ಕಾರ್ಬನ್ನಿನ ಮೇಲೆ ಕೂರಿಸಿದರೆ ಅದೇ ನ್ಯಾನೊಕಾಂಪೊಸಿಟ್: ಒಂದು ಆವೇಶ ಹಿಡಿಯುತ್ತದೆ, ಇನ್ನೊಂದು ಎಲೆಕ್ಟ್ರಾನುಗಳಿಗೆ ದಾರಿಯಾಗಿ ಆಸರೆಯನ್ನೂ ಕೊಡುತ್ತದೆ. ಕಣ ದಪ್ಪವಾದರೆ ಅದರ ಒಳಭಾಗ ಕೆಲಸಕ್ಕೆ ಬಾರದೆ ಉಳಿಯುತ್ತದೆ. ನ್ಯಾನೊ ಗಾತ್ರ ಬೇಕಾಗುವುದು ಅದಕ್ಕಾಗಿ.

ಈ ಉಪಾಯದ ಹಳೆಯ ರೂಪ ಮಕ್ಕಳಿಗೆ ಗೊತ್ತಿರುವ ಟಾರ್ಚ್ ಸೆಲ್ಲಿನಲ್ಲೇ ಇದೆ. ಅದರ ಕಪ್ಪು ಪುಡಿ ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ಕಾರ್ಬನ್ನಿನ ಮಿಶ್ರಣ. ಚಿತ್ರ ತೋರಿಸಿದರೆ ಸಾಕು, ಸೆಲ್ ಒಡೆಸುವುದು ಬೇಡ.

ಕಪ್ಪುಹಲಗೆಯ ಮೇಲೆ ಕಾಂಪೊಸಿಟ್ ಎಂಬುದಕ್ಕೆ ‘ಸಂಯುಕ್ತ’ ಎಂದು ಬರೆಯಬೇಡಿ. ರಸಾಯನಶಾಸ್ತ್ರದ ಪಾಠದಲ್ಲಿ ಆ ಪದ ಬೇರೆಯದಕ್ಕೆ ಮೀಸಲು. ಇಲ್ಲಿ ಎರಡು ವಸ್ತುಗಳೂ ತಮ್ಮ ತಮ್ಮ ಗುಣ ಉಳಿಸಿಕೊಂಡಿರುತ್ತವೆ. ‘ಇನ್ನು ಬ್ಯಾಟರಿಯೇ ಬೇಡ’ ಎಂಬ ಮಾತೂ ಪಾಠಯೋಜನೆಗಳಲ್ಲಿ ಸುಲಭವಾಗಿ ನುಸುಳುತ್ತದೆ. ಅದನ್ನು ಲೆಕ್ಕದಿಂದಲೇ ಪರೀಕ್ಷಿಸಲಿ: 2.7 ವೋಲ್ಟಿಗೆ ತುಂಬಿದ 1 ಫ್ಯಾರಡ್‌ನಲ್ಲಿರುವ ಶಕ್ತಿ ಸುಮಾರು 3.6 ಜೌಲ್. ಟಾರ್ಚಿನ ಒಂದು ಸೆಲ್ಲಿನಲ್ಲಿರುವುದು ಸಾವಿರಾರು ಜೌಲ್. ಸೂಪರ್‌ಕೆಪಾಸಿಟರಿನ ಹೆಚ್ಚುಗಾರಿಕೆ ಇರುವುದು ಸೆಕೆಂಡುಗಳಲ್ಲಿ ತುಂಬಿ, ಸೆಕೆಂಡುಗಳಲ್ಲಿ ಕೊಟ್ಟು, ಲಕ್ಷಾಂತರ ಸಲ ಹಾಗೆಯೇ ಮಾಡುವುದರಲ್ಲಿ.