ನಾಣ್ಯದ ಮೇಲೆ ಹಾಳೆ, ಕಲ್ಲಿನ ಮೇಲೆ ಬೆಳಕು

ನಾಣ್ಯದ ಮೇಲೆ ತೆಳು ಹಾಳೆ ಇಟ್ಟು ಪೆನ್ಸಿಲ್ ಉಜ್ಜುವ ಆಟ ಅಜ್ಜಂದಿರಿಗೂ ಗೊತ್ತು, ಮೊಮ್ಮಕ್ಕಳಿಗೂ ಗೊತ್ತು. ಹೋದ ಬೇಸಿಗೆ ರಜೆಯಲ್ಲಿ ಮೋರಖಂಡಿಗೆ ಬಂದಿದ್ದ ನನ್ನ ಮೊಮ್ಮಗಳು ಐದು ರೂಪಾಯಿ ನಾಣ್ಯದ ಸಿಂಹಗಳನ್ನು ಹಾಗೆ ಹಾಳೆಗೆ ಇಳಿಸಿದಳು. ಆಮೇಲೆ ಮೊಬೈಲಿನಲ್ಲಿ ಅದರ ಫೋಟೋ ತೆಗೆದು ನನ್ನ ಹಳೆಯ ಕಂಪ್ಯೂಟರಿಗೆ ಹಾಕಿ, "ಮುತ್ಯಾ, ಇದನ್ನ ಮತ್ತ ಖರೇ ನಾಣ್ಯ ಮಾಡಿ ತೋರಸ್ಲೇನು?" ಎಂದಳು.

ಅವಳು ತೆರೆದದ್ದು ಗಿಂಪ್ ಎಂಬ ತಂತ್ರಾಂಶ. ಚಿತ್ರ ತಿದ್ದಲು ಬಳಸುವ ಇದಕ್ಕೆ ದುಡ್ಡು ಕೊಡಬೇಕಿಲ್ಲ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಸವೆದ ನನ್ನ ಕೈಗೆ ಮೌಸ್ ಒಗ್ಗಿದ್ದೇ ತಡವಾಗಿ. ಆದರೂ ಅವಳು ಮಾಡಿದ್ದು ನನಗೆ ಅರ್ಥವಾಯಿತು. ನನಗೆ ಅರ್ಥವಾದ ರೀತಿಯಲ್ಲೇ ಹೇಳುತ್ತೇನೆ.

ಬಣ್ಣದ ಫೋಟೋ ಎಂದರೆ ಒಂದರ ಮೇಲೊಂದು ಕುಳಿತ ಮೂರು ಪಟ್ಟಿಗಳು: ಕೆಂಪು, ಹಸಿರು, ನೀಲಿ. ಪ್ರತಿ ಚುಕ್ಕೆಗೂ ಒಂದೊಂದು ಪಟ್ಟಿಯಲ್ಲಿ 0ಯಿಂದ 255ರವರೆಗೆ ಒಂದು ಅಂಕಿ. ಇವಕ್ಕೆ ನಾಲ್ಕನೆಯ ಪಟ್ಟಿಯೊಂದನ್ನು ಸೇರಿಸಿದರೆ ಅದೇ ಆಲ್ಫಾ ಚಾನೆಲ್. 1977ರ ಸುಮಾರಿಗೆ ಅಮೆರಿಕದ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಇದನ್ನು ರೂಪಿಸಿದರು. ಇದಕ್ಕೆ ಬಣ್ಣವಿಲ್ಲ. ಯಾವ ಚುಕ್ಕೆ ಎಷ್ಟು ಕಾಣಬೇಕು ಎಂಬ ಲೆಕ್ಕವಷ್ಟೇ ಇದರಲ್ಲಿ. 0 ಇದ್ದರೆ ಆ ಚುಕ್ಕೆ ಕಾಣುವುದೇ ಇಲ್ಲ, 255 ಇದ್ದರೆ ಪೂರ್ತಿ ಕಾಣುತ್ತದೆ. ರಂಗೋಲಿ ಹಾಕುವ ತೂತಿನ ತಗಡು ನೆನಪಿಸಿಕೊಳ್ಳಿ. ತೂತಿದ್ದಲ್ಲಿ ಪುಡಿ ಬೀಳುತ್ತದೆ, ಇಲ್ಲದಲ್ಲಿ ಇಲ್ಲ. ಆಲ್ಫಾ ಇನ್ನೂ ನಾಜೂಕಿನ ತಗಡು. ಅರ್ಧ ತೂತು, ಕಾಲು ತೂತು ಎಲ್ಲವೂ ಅದರಲ್ಲುಂಟು.

ಈ ಪಟ್ಟಿಯನ್ನು ಬಿಡಿಸಿ ನೋಡಿದರೆ ಅದೊಂದು ಕಪ್ಪು-ಬಿಳುಪು ಚಿತ್ರ. ಅದನ್ನು "ಎಷ್ಟು ಕಾಣಬೇಕು" ಎಂದು ಓದುವ ಬದಲು "ಎಷ್ಟು ಎತ್ತರ" ಎಂದು ಓದು ಎಂದರೂ ಕಂಪ್ಯೂಟರು ಓದುತ್ತದೆ! ಬಿಳಿ ಎಂದರೆ ದಿಬ್ಬ, ಕಪ್ಪು ಎಂದರೆ ತಗ್ಗು. ಒಂದು ಮಗ್ಗುಲಿನಿಂದ ಬೆಳಕು ಬಿದ್ದಂತೆ ಲೆಕ್ಕ ಹಾಕಿ ನೆರಳು ಬಿಡಿಸಿದರೆ, ಚಪ್ಪಟೆ ಚಿತ್ರಕ್ಕೆ ಕಲ್ಲಿನ, ಬಟ್ಟೆಯ, ತೊಗಲಿನ ಮೈ ಬರುತ್ತದೆ. ಜೇಮ್ಸ್ ಬ್ಲಿನ್ ಎಂಬವರು 1978ರಲ್ಲಿ ತೋರಿಸಿಕೊಟ್ಟ ಉಪಾಯ ಇದು. ಹೆಸರು ಬಂಪ್ ಮ್ಯಾಪ್. ಫೋಟೋಶಾಪಿನಲ್ಲಿ ಹೊಸ ಆಲ್ಫಾ ಚಾನೆಲ್ ತೆರೆದು, ಅದರಲ್ಲಿ ಉಸುಕು ಚೆಲ್ಲಿದಂಥ ಚುಕ್ಕೆ ತುಂಬಿ, ಲೈಟಿಂಗ್ ಎಫೆಕ್ಟ್ಸ್‌ಗೆ ಅದನ್ನು ತೋರಿಸಿದರೆ ಒರಟು ಗೋಡೆ ಸಿದ್ಧ. ಗಿಂಪ್‌ನಲ್ಲಿ ಫಿಲ್ಟರ್ಸ್ ಒಳಗೆ ಮ್ಯಾಪ್, ಅದರೊಳಗೆ ಬಂಪ್ ಮ್ಯಾಪ್. ಬೆಳಕು ಯಾವ ದಿಕ್ಕಿನಿಂದ, ಎಷ್ಟು ಎತ್ತರದಿಂದ ಬರಬೇಕು, ತಗ್ಗು ಎಷ್ಟು ಆಳವಿರಬೇಕು ಎಂದು ಅಲ್ಲೇ ಹೇಳಬಹುದು.

ನಮ್ಮ ನಾಣ್ಯಕ್ಕೆ ಬರೋಣ. ಗುಂಡಿ ಒತ್ತಿದ ಕೂಡಲೇ ಮೊಮ್ಮಗಳು ಕೂಗಿದಳು, "ಮುತ್ಯಾ, ಸಿಂಹ ಒಳಗ ಹೋಗ್ಯಾವ!" ಹೌದು, ಕೆಸರಿನಲ್ಲಿ ನಾಣ್ಯ ಒತ್ತಿದಂತೆ ಸಿಂಹಗಳು ತಗ್ಗಿನಲ್ಲಿ ಕುಳಿತಿದ್ದವು. ಯಾಕೆಂದು ನೀವೇ ಯೋಚಿಸಿ. ಪೆನ್ಸಿಲ್ ತಾಗುವುದು ಉಬ್ಬಿದ ಜಾಗಕ್ಕೆ, ಹಾಗಾಗಿ ಉಬ್ಬು ಕಪ್ಪಾಗುತ್ತದೆ. ಕಂಪ್ಯೂಟರಿಗೋ ಕಪ್ಪು ಎಂದರೆ ತಗ್ಗು. ಇನ್ವರ್ಟ್ ಎಂಬಲ್ಲಿ ಗುರುತು ಹಾಕಿದ ಮೇಲೆ ಸಿಂಹಗಳು ಮೇಲೆದ್ದವು.

ಶಾಸನ ಓದುವ ವಿದ್ವಾಂಸರು ಮಾಡುವುದೂ ಹೆಚ್ಚುಕಡಿಮೆ ಇದೇ. ಕಲ್ಲನ್ನು ತೊಳೆದು, ಒದ್ದೆ ಹಾಳೆ ಹೊದಿಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿನೊಳಗೆ ಕೂರಿಸಿ, ಹಾಳೆ ತುಸು ಆರಿದ ಮೇಲೆ ಮಸಿ ಒತ್ತುತ್ತಾರೆ. ಕಲ್ಲಿನ ಮೈ ಕಪ್ಪು, ಕೆತ್ತಿದ ಅಕ್ಷರ ಬಿಳುಪು. ಇದಕ್ಕೆ ಪಡಿಯಚ್ಚು ಎನ್ನುತ್ತಾರೆ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹಿಂದೆ ಇಂಥ ಎಷ್ಟು ಹಾಳೆಗಳ ಶ್ರಮವಿದೆಯೋ!

ಶಾಸನದ ಮಾತು ಬಂದರೆ ನಮ್ಮೂರಿನವರಿಗೆ ಕಿವಿ ನೆಟ್ಟಗಾಗುತ್ತದೆ. ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ಬರುವ ಮಯೂರಖಂಡಿ ನಮ್ಮ ಮೋರಖಂಡಿಯೇ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ಅಲ್ಲ, ಅದು ನಾಸಿಕ ಜಿಲ್ಲೆಯಲ್ಲಿದೆ ಎಂದು ಇನ್ನು ಕೆಲವರದು. ನಾನು ಯಾರ ಪರ ಎಂದು ಬೇರೆ ಹೇಳಬೇಕೆ? ಇತ್ತ ಬಸವಕಲ್ಯಾಣ ಚಾಲುಕ್ಯರ ರಾಜಧಾನಿ. ಅತ್ತ ಹುಮನಾಬಾದ ಹತ್ತಿರದ ಜಲಸಂಗಿಯಲ್ಲಿ, ದೇವಾಲಯದ ಹೊರಗೋಡೆಯ ಮೇಲೆ ಕಲ್ಲಿನ ಬಾಲೆಯೊಬ್ಬಳು ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತ ನಿಂತಿದ್ದಾಳೆ.

ಮೊಮ್ಮಗಳ ಕಣ್ಣು ಬಿದ್ದದ್ದು ಮಾತ್ರ ನಮ್ಮ ಬೀಗರ ಹೊಲದ ಬದುವಿನಲ್ಲಿ ವಾಲಿ ನಿಂತ ಒಂದು ಕರಿಕಲ್ಲಿನ ಮೇಲೆ. ಅದರ ಮೇಲೆ ಮೂರು ಸಾಲು ಹಳೆಯ ಅಕ್ಷರಗಳಿವೆ, ಅರ್ಧಕ್ಕರ್ಧ ಸವೆದಿವೆ. ಮಟಮಟ ಮಧ್ಯಾಹ್ನ ಹೋಗಿ ಫೋಟೋ ತಂದಳು. ಬಂಪ್ ಮ್ಯಾಪ್ ಮಾಡಿ, ಆಳ ಹೆಚ್ಚಿಸಿದಳು. ಮೂರನೆಯ ಸಾಲಿನ ಕೊನೆಗೆ, ಬರಿಗಣ್ಣಿಗೆ ಕಾಣದಿದ್ದ ಒಂದು ದುಂಡನೆಯ ಅಕ್ಷರ ಕೆತ್ತಿದಂತೆ ಎದ್ದು ಬಂತು! ಅವಳಿಗಿಂತ ಹೆಚ್ಚು ಕುಣಿದವನು ನಾನು. ಪರಿಚಯದ ಇಬ್ಬರು ಮೇಷ್ಟ್ರಿಗೆ ಫೋನ್ ಮಾಡಿ ಹೇಳಿಯೂಬಿಟ್ಟೆ.

ಸಂಜೆ ಅವಳಿಗೇ ಅನುಮಾನ ಬಂತು. "ಹಂಗಾರ ಈ ಗುಡ್ಡ ಏನು?" ಎಂದಳು. ಪಕ್ಕದಲ್ಲೇ ಬೋರಲು ಹಾಕಿದ ಬಟ್ಟಲಿನಂತೆ ಏನೋ ಉಬ್ಬಿತ್ತು. ಹೊಲಕ್ಕೆ ಹೋಗಿ ನೋಡಿದೆವು. ಗುಡ್ಡವಿದ್ದ ಜಾಗದಲ್ಲಿ ಯಾರೋ ಹಚ್ಚಿದ ಸುಣ್ಣದ ಬೊಟ್ಟು. ಅಕ್ಷರವಿದ್ದ ಜಾಗದಲ್ಲಿ ದೀಪದ ಎಣ್ಣೆ ಇಳಿದ ಕಲೆ. ಬೆರಳಾಡಿಸಿದರೆ ಎರಡೂ ಕಡೆ ನುಣ್ಣಗೆ. ಫೋಟೋದ ಕಪ್ಪು ನೆರಳಿನದೋ ಎಣ್ಣೆಯದೋ ಎಂದು ಕಂಪ್ಯೂಟರಿಗೆ ಹೇಗೆ ತಿಳಿಯಬೇಕು? ಕಪ್ಪು ಕಂಡಲ್ಲೆಲ್ಲ ಅದು ತಗ್ಗು ತೋಡಿತ್ತು. ಕ್ಯಾಶ್ ಕೌಂಟರಿನಲ್ಲಿ ದಿನದ ಕೊನೆಗೆ ನೂರು ರೂಪಾಯಿ ಕಡಿಮೆ ಬಂದರಷ್ಟೇ ಅಲ್ಲ, ಹೆಚ್ಚು ಬಂದರೂ ಲೆಕ್ಕ ತಪ್ಪಿದಂತೆಯೇ. ನಾನು ಆ ಇಬ್ಬರು ಮೇಷ್ಟ್ರಿಗೆ ಮತ್ತೆ ಫೋನ್ ಮಾಡಬೇಕಾಯಿತು. ಒಬ್ಬರು ನಕ್ಕರು. ಇನ್ನೊಬ್ಬರು ಅಷ್ಟರಲ್ಲೇ ಹತ್ತು ಜನರಿಗೆ ಹೇಳಿ ಆಗಿತ್ತು.

ಕತ್ತಲಾಗುವವರೆಗೆ ಅಲ್ಲೇ ಕುಳಿತೆವು. ಆಮೇಲೆ ಅವಳು ಟಾರ್ಚನ್ನು ಕಲ್ಲಿನ ಎಡಮಗ್ಗುಲಿಗೆ, ಮೈಗೆ ತಾಗುವಷ್ಟು ಓರೆಯಾಗಿ ಹಿಡಿದಳು. ಹಗಲು ಕಾಣದಿದ್ದ ಗೀರುಗಳೆಲ್ಲ ನೆರಳು ತುಂಬಿಕೊಂಡು ಎದ್ದವು. ಎಣ್ಣೆಯ ಕಲೆ ಮಾತ್ರ ಕಲೆಯಾಗಿಯೇ ಉಳಿಯಿತು. ಬಲದಿಂದ, ಮೇಲಿನಿಂದ, ಕೆಳಗಿನಿಂದ ಟಾರ್ಚು ಹಿಡಿದು ಒಂದೊಂದು ಫೋಟೋ ತೆಗೆದೆವು. ಮೊಬೈಲು ಅಲುಗಾಡದಂತೆ ಇಟ್ಟಿಗೆಗೆ ಒರಗಿಸಿದ್ದೆವು. ಬೆಳಕಿನ ದಿಕ್ಕು ಬದಲಾದಾಗ ಜಾಗ ಬದಲಿಸುವುದು ನೆರಳು; ಬದಲಿಸದೆ ಇರುವುದು ಬಣ್ಣ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಕಲ್ಲಿನ ನಿಜವಾದ ಎತ್ತರ-ತಗ್ಗನ್ನೇ ಅಳೆದಿಡುತ್ತಿದ್ದಾರೆ. ನಮ್ಮದು ಬಡವರ ಸ್ಕ್ಯಾನರು.

ಮಕ್ಕಳೇ, ನೀವೂ ಮಾಡಿ ನೋಡಿ. ಆದರೆ ಕಲ್ಲಿಗೆ ಮಸಿ, ಎಣ್ಣೆ, ಸೀಮೆಸುಣ್ಣ ಏನನ್ನೂ ಹಚ್ಚಬೇಡಿ. ಮಸಿಯ ಪಡಿಯಚ್ಚು ತಿಳಿದವರ ಕೆಲಸ. ನಿಮಗೆ ಟಾರ್ಚು ಸಾಕು. ಹೊಲದ ಕಲ್ಲಾದರೆ ಬೆಳಕು ಬೀರುವ ಮೊದಲು ಬುಡದಲ್ಲಿ ಹಾವು-ಚೇಳು ನೋಡಿಕೊಳ್ಳಿ. ತಿದ್ದಿದ ಚಿತ್ರವನ್ನು ಬೇರೆ ಹೆಸರಿನಲ್ಲಿ ಇಡಿ, ಮೂಲ ಫೋಟೋ ಹಾಗೇ ಇರಲಿ.

ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಮೂರೂ ಸಾಲುಗಳನ್ನು ಕಂಡಷ್ಟು ಕಂಡಂತೆ ಬಿಡಿಸಿಟ್ಟುಕೊಂಡಿದ್ದಾಳೆ. ಕಾಣದ ಅಕ್ಷರಕ್ಕೆ ಒಂದೊಂದು ಚುಕ್ಕೆ. ಮೂರನೆಯ ಸಾಲಿನ ಕೊನೆಯಲ್ಲಿ ರಬ್ಬರಿನಿಂದ ಅಳಿಸಿದ ಗುರುತಿದೆ, ಅದರ ಮೇಲೆ ಒಂದು ಚುಕ್ಕೆ.